ಆರೂಮುಕ್ಕಾಲು

ಎಲೋಯ್ ಆರ್ಚುಲೆಟಾ ಲಾರಿ ನಿಲ್ಲಿಸಿ ಇಳಿದವನೇ
ಇಂಜಿನ್ ಬಗ್ಗೆ ಒಂದು ಮಾತೂ ಆಡಲಿಲ್ಲ.
ಅಂಗಿ ಜೇಬಿನಿಂದ ಎಣ್ಣೆ ಕುಡಿದ ನೋಟ್‌ಬುಕ್ಕು ತೆಗೆದು
ನನ್ನ ಕೈಗಿಟ್ಟ,
ಮಗುವಿನ ಜ್ವರ ಬರೆದಿಟ್ಟ ಚೀಟಿ ಕೊಡುವ ಹಾಗೆ.

ಹದಿನಾಲ್ಕು ವರ್ಷದ ಡೀಸೆಲ್ಲು, ಪೆನ್ಸಿಲ್ಲಿನಲ್ಲಿ:
ಊರು, ಗ್ಯಾಲನ್ನು, ಮೈಲಿ, ಭಾಗಿಸಿದ ಉತ್ತರ.
ಲಾಸ್ ಕ್ರೂಸೆಸ್. ಅಮರಿಲ್ಲೋ. ಪ್ವೆಬ್ಲೋ.
ಗ್ಯಾಲನ್ನಿಗೆ ಆರೂಮುಕ್ಕಾಲು, ಆರೂಮುಕ್ಕಾಲು,
ಒಂದು ದಿನ ಆರೂವರೆ, ಪಕ್ಕದಲ್ಲಿ ಷರಾ: ಎದುರುಗಾಳಿ.
ಮತ್ತೆ ಆರೂಮುಕ್ಕಾಲು.
ಅಕ್ಟೋಬರಿನಿಂದ ಅಂಕಿ ಜಾರಿದೆ.
ಆರು. ಐದೂಮುಕ್ಕಾಲು. ಐದೂಕಾಲು.
ಅಲ್ಲಿ ಪೆನ್ಸಿಲ್ಲು ಒತ್ತಿ ಒತ್ತಿ ಹಾಳೆಗೇ ತೂತು.

"ರಟೋನ್ ಏರಿನಲ್ಲಿ ಎಲ್ಲರೂ ಹಾರ್ನ್ ಹೊಡೆದು
ಮುಂದೆ ಹೋಗ್ತಾರೆ, ನಡೀನ್.
ನಿನ್ನೆ ಒಂದು ಶಾಲಾ ಬಸ್ಸು."
ಹೇಳುವಾಗ ನೆಲ ನೋಡುತ್ತಿದ್ದ.

ಕಂಪ್ಯೂಟರ್ ಸಿಕ್ಕಿಸಿದೆ. ತಪ್ಪೇನೂ ಇಲ್ಲ ಅಂತು.
ಅದಕ್ಕೇನು, ಕೇಳಿದ್ದಕ್ಕಷ್ಟೇ ಉತ್ತರ.
ಡೀಸೆಲ್ ಫಿಲ್ಟರ್ ಕೊಯ್ದು ಬಿಚ್ಚಿ ನೋಡಿದೆ: ಚೊಕ್ಕ.
ಬ್ರೇಕು ಎಲ್ಲಾದರೂ ಕಚ್ಚಿಕೊಂಡೇ ಓಡುತ್ತಿದೆಯೋ ಅಂತ
ಗಾಲಿಯ ಗುಂಬ ಒಂದೊಂದನ್ನೂ ಅಂಗೈ ಹಿಂಬದಿಯಿಂದ ಮುಟ್ಟಿದೆ:
ಎಲ್ಲದಕ್ಕೂ ಒಂದೇ ಬಿಸಿ. ಟೈರುಗಳಲ್ಲಿ ಗಾಳಿ ಸರಿ.
ಇನ್ನು ಉಳಿದದ್ದು ಏರು.

ಅವನ ಪಕ್ಕ ಕೂತು ಹೋದೆ, ಬೆನ್ನಿಗೆ ಇಪ್ಪತ್ತು ಟನ್ ಈರುಳ್ಳಿ.
ಮೊದಲ ತಿರುವಿನಲ್ಲೇ ಕನ್ನಡಿಯಲ್ಲಿ ಕಪ್ಪು ಹೊಗೆ.
ಮೂವತ್ತು ಪೌಂಡ್ ಗಾಳಿ ಊದಬೇಕಾದ ಟರ್ಬೊ
ಹದಿನೇಳಕ್ಕೇ ಏದುಸಿರು ಬಿಡುತ್ತಿತ್ತು.
ಇವನು ಪೆಡಲ್ಲನ್ನು ಒತ್ತುತ್ತಾನೆ, ಅದು ಕುಡಿಯುತ್ತದೆ,
ಕುಡಿದದ್ದು ಮೈಗೆ ಹತ್ತುವುದಿಲ್ಲ.
ಉಣ್ಣಲು ಬಡಿಸಿದ್ದಾರೆ, ಉಸಿರಾಡಲು ಬಿಟ್ಟಿಲ್ಲ.

ಶೆಡ್ಡಿಗೆ ಮರಳಿ, ಕೊಳವೆಗಳ ಬಾಯಿ ಬಿಗಿದು,
ಗಾಳಿ ತುಂಬಿ, ಸೋಪಿನ ನೀರು ಸಿಂಪಡಿಸುವಷ್ಟರಲ್ಲಿ
ಊಟಕ್ಕೆ ಹೋಗಿ ಬಂದಿದ್ದೆವು, ಲೋಹ ತಣ್ಣಗಾಗಿತ್ತು.
ಒಂದು ಗುಳ್ಳೆಯೂ ಏಳಲಿಲ್ಲ.
ನನ್ನದೇ ತಪ್ಪು. ಆ ಊಟ ನನಗೆ ಒಂದು ಮಧ್ಯಾಹ್ನದ ಬೆಲೆ.

ಮತ್ತೆ ಏರು ಹತ್ತಿಸಿ, ಬಿಸಿ ಬಿಸಿಯಾಗಿಯೇ ಒಳತಂದು,
ಬೆರಳು ಸುಟ್ಟುಕೊಂಡು ಬಿಗಿದು, ನೀರು ಎರಚಿದೆ.
ಕೂಲರಿನ ಕೆಳಗಿನ ಮೂಲೆ, ಬೆಸುಗೆಯ ಅಂಚಿನಲ್ಲಿ
ಕತ್ತರಿಸಿ ಬಿದ್ದ ಉಗುರಿನಷ್ಟು ಸೀಳು
ನೊರೆ ನೊರೆಯಾಗಿ ಬಾಯಿ ಬಿಟ್ಟಿತು.
ತಣ್ಣಗಿದ್ದಾಗ ಸಭ್ಯ. ಕಾದ ಮೇಲೆ, ಭಾರ ಬಿದ್ದ ಮೇಲೆ
ಎಲ್ಲವನ್ನೂ ಸೋರಿಬಿಡುವ ಜಾತಿ.
ನನ್ನ ಮೊದಲ ಗಂಡನೂ ಹಾಗೇ ಇದ್ದ. ಇರಲಿ.

ಹೊಸ ಕೂಲರ್ ಕೂಡಿಸಿ ಕಳಿಸಿದೆ.
ಮೂರು ವಾರ ಬಿಟ್ಟು ಬಂದ, ಮುಖದಲ್ಲಿ ಅರ್ಧ ನಗು:
ಏರಿನಲ್ಲಿ ಶಾಲಾ ಬಸ್ಸನ್ನು ಹಿಂದೆ ಹಾಕಿದನಂತೆ,
ಹಾರ್ನ್ ಹೊಡೆಯಲಿಲ್ಲವಂತೆ.
ಪುಸ್ತಕದಲ್ಲಿ ಮಾತ್ರ ಆರೂಕಾಲು.
ಇನ್ನರ್ಧ ಮೈಲಿ ಎಲ್ಲಿ ಹೋಯಿತು?

ಈ ಸಲ ಕಂಪ್ಯೂಟರನ್ನು ಬೇರೆ ಪ್ರಶ್ನೆ ಕೇಳಿದೆ.
ಅಕ್ಟೋಬರಿನಿಂದೀಚೆಗೆ
ನಿಂತಲ್ಲೇ ನಿಂತು ಇಂಜಿನ್ ಓಡಿದ್ದು
ಆರುನೂರ ಹನ್ನೆರಡು ಗಂಟೆ.
"ರಾತ್ರಿಯೆಲ್ಲ ಆರಿಸುವುದೇ ಇಲ್ಲವಾ?"

ಅವನು ಮಾತಾಡದೆ ಹತ್ತಿ, ಸೀಟಿನ ಹಿಂದಿನ ಪರದೆ ಸರಿಸಿದ.
ಕಂಬಳಿಯಲ್ಲಿ ಮುದಿ ನಾಯಿ, ಮೂತಿಯೆಲ್ಲ ಬಿಳಿ,
ಹಿಂಗಾಲು ಮರಗಟ್ಟಿ ಏಳಲಾರದೆ
ಬಾಲವನ್ನಷ್ಟೇ ಒಂದು ಸಲ ಬಡಿಯಿತು.
"ಚಿಸ್ಪಾ. ಚಳಿ ತಡೆಯಲ್ಲ."
ಅವರ ಮಾತಿನಲ್ಲಿ ಅದಕ್ಕೆ ಕಿಡಿ ಅಂತ ಅರ್ಥ.
ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ, ಒತ್ತಡವೇ ಸಾಕು
ಅಂತ ಹೇಳಹೊರಟವಳು ಸುಮ್ಮನಾದೆ.

ಪುಟ್ಟ ಹೀಟರ್ ಸಿಗುತ್ತದೆ, ರಾತ್ರಿಗೆ ಒಂದು ಗ್ಯಾಲನ್ನೂ ಬೇಡ ಅಂದೆ.
ಬೆಲೆ ಕೇಳಿದ. ಮುಂದಿನ ತಿಂಗಳು ನೋಡೋಣ ಅಂದ.
ಬಿಲ್ಲು ಮಡಚಿ, ಬಾನೆಟ್ಟಿನ ಮೇಲೆ ಪುಸ್ತಕ ಬಿಚ್ಚಿ,
ಪೆನ್ಸಿಲ್ಲಿನ ತುದಿ ನಾಲಗೆಗೆ ತಾಗಿಸಿ
ಆರೂಕಾಲು ಅಂತ ಬರೆದ.
ಎದುರುಗಾಳಿ ಅಂತ ಬರೆಯುವ ಜಾಗದಲ್ಲಿ
ನಾಯಿಯ ಹೆಸರು.