ಅಯ್ಯಂಗೇರಿ ಹದಿನೇಳು

ಸುಟ್ಟದ್ದು ಬೇರೆ ಪೆಟ್ಟಿಗೆ.
ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಭಾಗಮಂಡಲದ ಜೇನು ಸೊಸೈಟಿಯಲ್ಲಿ
ಲೆಕ್ಕದ ಮೇಜು ನನ್ನದು. ಹಳೆಯ ಮೂರು ದಫ್ತರ
ಕಂಪ್ಯೂಟರಿಗೆ ಏರಿಸಿದವಳೂ ನಾನೇ:
ಊರಿಗೊಂದು ಟೇಬಲ್, ಸಾಕುವವರಿಗೊಂದು, ಪೆಟ್ಟಿಗೆಗೊಂದು.
ಪೆಟ್ಟಿಗೆಗೆ ಗೊತ್ತು ತಾನು ಯಾರದೆಂದು;
ಸಾಕುವವರಿಗೆ ಗೊತ್ತು ತಮ್ಮ ಊರು.
ಪೆಟ್ಟಿಗೆಗೆ ಊರು ಗೊತ್ತಿಲ್ಲ.
ಬೇಕಾದರೆ ಕೇಳಿ ತಿಳಿಯಲಿ, ಅಂದುಕೊಂಡಿದ್ದೆ,
ಒಂದೇ ಮಾತನ್ನು ಎರಡು ಕಡೆ ಯಾಕೆ ಬರೆಯುವುದು.

ಒಂದು ಊರಿನಲ್ಲಿ ಒಂದು ನಂಬರು ಒಂದೇ ಸಲ.
ಇದು ಬೈಲಾ. ಎಲ್ಲರ ಬಾಯಲ್ಲೂ ಇತ್ತು.
ಬಾಯಲ್ಲಿದ್ದದ್ದು ಟೇಬಲಿನಲ್ಲಿರಲಿಲ್ಲ.

ಪೂವಕ್ಕನ ಪೆಟ್ಟಿಗೆಗಳಲ್ಲಿ ಹದಿನೇಳು ಒಂದೇ.
ದೇರಣ್ಣನವುಗಳಲ್ಲೂ ಹದಿನೇಳು ಒಂದೇ.
ಒಬ್ಬೊಬ್ಬರ ಅಂಗಳದಲ್ಲಿ ನಿಂತು ನೋಡಿದರೆ ತಪ್ಪೇ ಇಲ್ಲ.
ಇಬ್ಬರೂ ಅಯ್ಯಂಗೇರಿಯವರು.

ಮರಿ ಕೊಳೆಯುವ ರೋಗ ಬಂದ ವಾರ
ಇನ್ಸ್‌ಪೆಕ್ಟರರ ಚೀಟಿ: ಅಯ್ಯಂಗೇರಿ ಹದಿನೇಳು, ಸುಡಿ.
ಸೊಸೈಟಿಯ ಹುಡುಗ ಮೊದಲು ಕಂಡ ಹದಿನೇಳಕ್ಕೆ
ಸೀಮೆಎಣ್ಣೆ ಹೊಯ್ದ. ಅದು ಪೂವಕ್ಕನದು, ಗಟ್ಟಿ ಕುಟುಂಬ,
ಎಂಟು ಚೌಕಟ್ಟು ತುಂಬ ಮರಿ.
ಬೆಂದ ಮೇಣದ ವಾಸನೆ ರಸ್ತೆಯ ತನಕ ಬಂತಂತೆ.
ದೇರಣ್ಣನದನ್ನು ಸುಡುವ ಹೊತ್ತಿಗೆ
ರೋಗ ಹೊಳೆ ದಾಟಿತ್ತು.

ಆಮೇಲೆ ನಾನು ಬುದ್ಧಿವಂತಳಾದೆ. ಬರೆಯುವ ಮೊದಲು
ಕೇಳುವ ಹಾಗೆ ಮಾಡಿದೆ: ಈ ಊರಲ್ಲಿ ಈ ನಂಬರು ಇದೆಯೇ?
ಒಂದು ಸಂತೆಯ ದಿನ ಎರಡು ಕೌಂಟರಿನಿಂದ
ಒಂದೇ ಗಳಿಗೆಗೆ ಇಬ್ಬರು ಕೇಳಿದರು.
ಇಬ್ಬರಿಗೂ ಇಲ್ಲ ಎಂಬ ನಿಜವಾದ ಉತ್ತರವೇ ಸಿಕ್ಕಿತು.
ಇಬ್ಬರೂ ಬರೆದರು.
ನಿಜ ಎಷ್ಟು ಬೇಗ ಹಳತಾಗುತ್ತದೆ.

ಹಾಗಾಗಿ ಈಗ ಪೆಟ್ಟಿಗೆಯ ಬೆನ್ನಿಗೂ ಊರು ಬರೆದಿದ್ದೇನೆ.
ಊರು, ನಂಬರು ಎರಡೂ ಸೇರಿ ಒಂದು ಕೀಲಿ.
ಬೆನ್ನಿನ ಊರು ಸಾಕುವವರ ಊರೇ ಆಗಿರಲೆಂದು
ಹೆಸರು, ಊರು ಜೋಡಿಯಾಗಿ ಇನ್ನೊಂದು ಕೊಂಡಿ.
ಯಾರೂ ಕೇಳಬೇಕಿಲ್ಲ, ಯಾರೂ ಕಾಯಬೇಕಿಲ್ಲ;
ಎರಡನೆಯ ಹದಿನೇಳನ್ನು ಟೇಬಲ್ಲೇ ಒಳಗೆ ಬಿಡುವುದಿಲ್ಲ.

ಪೂವಕ್ಕನ ಮದುವೆ ಚೆಟ್ಟಿಮಾನಿಗಾಯಿತು.
ಸಂಬಂಧ ಕೊಡುವ ಶಾಸ್ತ್ರದಲ್ಲಿ ಹನ್ನೆರಡು ಕಲ್ಲು:
ಹನ್ನೊಂದು ಅವಳ ಜೊತೆ ಹೋದವು, ಒಂದು ತವರಿನಲ್ಲಿ ಉಳಿಯಿತು.
ನನ್ನಲ್ಲಿ ಆ ಒಂದು ಕಲ್ಲಿಗೆ ಕಾಲಂ ಇಲ್ಲ.
ಅವಳ ಊರು ಬದಲಿಸಿ ಒತ್ತಿದೆ; ಹಿಂದೆಯೇ
ಒಂಬತ್ತು ಪೆಟ್ಟಿಗೆಗಳೂ ಹೊರಟವು.
ಚೆಟ್ಟಿಮಾನಿಯಲ್ಲಿ ನಾಲ್ಕನೆಯ ನಂಬರು ಆಗಲೇ ಇತ್ತು.
ಒಂದಕ್ಕಾಗಿ ಒಂಬತ್ತೂ ಹಿಂದಿರುಗಿದವು, ಅವಳೂ
ಮತ್ತೆ ಅಯ್ಯಂಗೇರಿಯವಳೇ, ಪರದೆಯಲ್ಲಿ.

ಫೋನು ಮಾಡಿದೆ. ನಕ್ಕಳು.
"ನಾಲ್ಕರ ಪಕ್ಕ ಒಂದು ಸೊನ್ನೆ ಹಾಕಿ ಅಕ್ಕ,
ಅಷ್ಟೇ ತಾನೆ. ಬಣ್ಣದ ಡಬ್ಬಿ ನನ್ನ ಹತ್ತಿರವೇ ಇದೆ."
ಸ್ವಲ್ಪ ತಡೆದು,
"ಅಲ್ಲಿಯ ಹದಿನೇಳು ಮಾತ್ರ ಯಾರಿಗೂ ಕೊಡಬೇಡಿ."

ಅದಕ್ಕೆ ಬೈಲಾ ಇಲ್ಲ.
ಒಂದು ಸಾಲು ಬರೆದು ಕೂರಿಸಿದೆ:
ಅಯ್ಯಂಗೇರಿ, ಹದಿನೇಳು,
ಯಾರದು ಎಂಬಲ್ಲಿ ಖಾಲಿ.
ಟೇಬಲ್ ತಕರಾರು ಮಾಡಲಿಲ್ಲ.