ತೂಕದ ಪುಸ್ತಕ

ಉತ್ತರ ಡಕೋಟಾದ ಬಯಲಲ್ಲಿ
ಹನ್ನೊಂದು ವರ್ಷ ಹಾರಿದ ಕಂಪನಿ:
ಎರಡು ವಿಮಾನ, ಮೂವರು ಪೈಲಟ್‌ಗಳು,
ಒಂದು ತೂಕದ ಯಂತ್ರ.

ಯಂತ್ರ ಎಲ್ಡೋರಾಳ ಸುಪರ್ದಿಗೆ.
ಟಿಕೆಟ್ ಹರಿಯುವ ಮುಂಚೆ ಆಳನ್ನೇ ತೂಗುವಳು,
ಗೋಧಿ ಮೂಟೆಯ ಹಾಗೆ, ಮುಖ ನೋಡದೆ.
ಪಾದ್ರಿ, ಇನ್ನೂರ ನಲವತ್ತು ಪೌಂಡು. ಹಿಂದಿನ ಸೀಟು ಬೇಡ.
ಬಸುರಿ ಮಾರ್ಗಿಟ್, ನೂರ ಐವತ್ತು;
"ಇಬ್ಬರದೂ ಸೇರಿ" ಅಂದಳು, ಬರೆಸಿಯೇ ಬಿಟ್ಟಳು.
ಒಮ್ಮೆ ಪೆಟ್ಟಿಗೆ ತುಂಬ ಕೋಳಿಮರಿ,
ದಾರಿಯುದ್ದಕ್ಕೂ ಇಂಜಿನ್ನಿಗೆ ಎದುರುತ್ತರ ಕೊಟ್ಟವು.

ಹಲ್ವರನಿಗೂ ನಮಗೂ ನಡುವೆ ಬಾಗಿಲಿರಲಿಲ್ಲ,
ಬರೀ ಒಂದು ಪರದೆ. ಆಚೆಯಿಂದಲೇ ಕೇಳುವನು:
"ಚಳಿಯಾ?"
ಹೌದೆಂದರೆ, "ನನಗೂ."
ಅಷ್ಟೇ.

ಆಮೇಲೆ ಸರ್ಕಾರ ಅಳೆದೂ ತೂಗಿ
ಸಹಾಯಧನ ನಿಲ್ಲಿಸಿತು.
ಪೆಟ್ರೋಲಿನವನು ಸಾಲ ಕೊಡುವುದು ಬಿಟ್ಟ.

ಕೊನೆಯ ಮಂಗಳವಾರ ಪ್ರಯಾಣಿಕರೇ ಇಲ್ಲ.
ಅಂಚೆ ಚೀಲ, ಹನ್ನೆರಡು ಪೌಂಡು, ಬರೆದಳು.
ಪೆನ್ನಿಗೆ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು.
ಕೋಟು ಕಳಚದೆ, ಬೂಟಿನ ಹಿಮ ಒದರದೆ
ತಾನೇ ಯಂತ್ರ ಹತ್ತಿ ನಿಂತಳು.

ಹಲ್ವರ್ ಮುಳ್ಳಿನ ಕಡೆ ನೋಡಲಿಲ್ಲ.
"ನನ್ನ ಪಕ್ಕದ್ದು ಖಾಲಿ ಇದೆ" ಅಂದ.

ಪುಸ್ತಕದ ಆ ಪುಟದಲ್ಲಿ ಅವಳ ಹೆಸರಿದೆ,
ಮುಂದೆ ಅಂಕಿಯಿಲ್ಲ.