ಏಳನೇ ಹಲಗೆಯ ಮಳೆ

ಹದ ಬಂದಿದೆಯೋ ಇಲ್ಲವೋ ನೋಡಲು
ಹಲಗೆಯ ಮೇಲೊಂದು ಹನಿ ನೀರು ಬಿಡು ಎಂದ ನೆವಿಲ್.
ಹೀರಿದರೆ ಹಚ್ಚು, ನಿಂತರೆ ನಿಲ್ಲು.
ಕಾಗದದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ
ಮರವನ್ನು ಗಂಜಿ ಮಾಡಿದ ಮನುಷ್ಯ
ಈಗ ಬೇಲಿಗೆ ಮೊಣಕೈ ಊರಿ
ಮರ ಉಳಿಸುವುದನ್ನು ಹೇಳಿಕೊಡುತ್ತಾನೆ.

ಬರ್ನಿಯಲ್ಲಿ ಮಾರ್ಚ್ ತಿಂಗಳು.
ಎರಡು ದಿನ ಒಣಹವೆ ಎಂದಿತು ರೇಡಿಯೋ.
ರಾತ್ರಿಪಾಳಿ ಮುಗಿಸಿ ಬಂದವಳು
ನಿದ್ದೆಗೆ ಆಮೇಲೆ ಬಾ ಎಂದು ಹೇಳಿ
ಹಿತ್ತಿಲ ಡೆಕ್ಕಿನ ಮೇಲೆ ಮಂಡಿಯೂರಿದೆ.
ಉಜ್ಜಿದಂತೆ ಉಜ್ಜಿದಂತೆ
ಬೂದಿ ಬಣ್ಣದೊಳಗಿಂದ ಬೆಲ್ಲದ ಬಣ್ಣ.
ಡಬ್ಬಿಯ ಮುಚ್ಚಳ ಮೀಟಿದರೆ
ಅಗಸೆಯ ವಾಸನೆ!
ಬಿಸಿ ರೊಟ್ಟಿಯ ಮೇಲೆ ಅಗಸಿ ಹಿಂಡಿ ಉದುರಿಸಿದಂತೆ
ಬಾಯಲ್ಲಿ ನೀರು,
ಕೈಯಲ್ಲಿ ಬ್ರಷ್ಷು.

ಒಂದೇ ಬೀಸಿನಲ್ಲಿ ಈ ತುದಿಯಿಂದ ಆ ತುದಿ,
ನಡುವೆ ನಿಂತರೆ ಗೆರೆ ಬೀಳುತ್ತದೆ.
ನಿಲ್ಲಲಿಲ್ಲ ನಾನು.
ಏಳನೇ ಹಲಗೆಯ ನಡುವಿನಲ್ಲಿ
ಸಮುದ್ರದ ಕಡೆಯಿಂದ, ಚಪ್ಪಲಿ ಸದ್ದೂ ಇಲ್ಲದೆ,
ಬಂದೇ ಬಿಟ್ಟಿತು.
ಟಾರ್ಪಾಲು ಎಳೆದೆ. ಗಾಳಿ ಆ ಕಡೆಯಿಂದ ಎಳೆಯಿತು.
ಹಸಿ ಎಣ್ಣೆಯ ಮೇಲೆ ಹನಿ ಕುಣಿದು
ಸಿಡುಬು ಎದ್ದ ಮುಖದಂತಾಯಿತು ಡೆಕ್ಕು.

ನಮ್ಮ ಲಿಂಗಸೂಗೂರಿನಲ್ಲಿ
ಒಣಹಾಕಿದ ಶಾವಿಗೆ ತೊಯ್ದರೂ
ಯಾರೂ ಬಾಯಿ ಬಿಡುತ್ತಿರಲಿಲ್ಲ.
ಮಳಿಗೆ ಬೈಬ್ಯಾಡ, ಅನ್ನುತ್ತಿದ್ದಳು ಗುರುಬಸವ್ವತ್ತೆ,
ಕೇಳಿಸ್ಕೊಂಡು ಹೊಂಟ್ಹೋಗ್ತದ.
ಇಷ್ಟು ವಯಸ್ಸಾಗಿ ಮೊದಲ ಸಲ
ಬಾಯಿ ತುಂಬ ಬೈದೆ,
ಹಡೆದವರನ್ನೂ ಸೇರಿಸಿ.
ಹೋಗಲಿಲ್ಲ.
ಇಲ್ಲಿಯ ಮಳೆಗೆ ಕನ್ನಡ ಬರುವುದಿಲ್ಲ.

ಊರಿನ ಮಳೆಗೆ ನಕ್ಷತ್ರದ ಹೆಸರಿತ್ತು.
ಆರಿದ್ರೆ, ಪುಷ್ಯ, ಮಘೆ, ಹುಬ್ಬೆ;
ಹೆಸರು ಹಿಡಿದು ಕರೆಯಬಹುದಿತ್ತು,
ಬಾರದಿದ್ದರೆ ಮುನಿಯಬಹುದಿತ್ತು.
ಈ ಮೂರು ವಾರದಲ್ಲಿ ನಾನೂ ಹೆಸರಿಟ್ಟಿದ್ದೇನೆ:
ಏಳನೇ ಹಲಗೆಯ ಮಳೆ,
ಟಾರ್ಪಾಲು ನೆವಿಲ್‌ನ ಕೋಳಿಗೂಡಿಗೆ ಹಾರಿದ ಮಳೆ,
ಚಹಾ ಕುದಿಯುವಷ್ಟು ಹೊತ್ತಿನ ಮಳೆ,
ಮತ್ತೊಂದು,
ಬಂದೇ ಬರುತ್ತದೆಂದು ಇಡೀ ದಿನ ಕೂತು ಕಾಯಿಸಿ
ಬಾರದೇ ಹೋದ ಮಳೆ.
ಕೆಲಸ ಹೆಚ್ಚು ಕೆಡಿಸಿದ್ದು ಅದೇ.

ಕೊನೆಗೆ ಒಂದು ಮಂಗಳವಾರ ಮುಗಿಯಿತು.
ಬುಧವಾರ ಒಣಗಿತು.
ಗುರುವಾರ ಸಂಜೆ ಸುರಿಯತೊಡಗಿದಾಗ
ಬಾಗಿಲು ತೆರೆದು ನಿಂತು ನೋಡಿದೆ.
ಹನಿಗಳು ಹಲಗೆಯ ಮೇಲೆ ಗುಂಡಗೆ ಕೂತಿದ್ದವು,
ಮನೆಗೆ ಬಂದು, ಒಳಗೆ ಕರೆಯದ ನೆಂಟರಂತೆ
ಒಂದನ್ನೊಂದು ನೋಡುತ್ತ.
ಗೆದ್ದೆ ಎಂದ ನೆವಿಲ್, ಕೊಡೆಯೊಳಗಿಂದ.
ಏಳನೆಯದರ ಮೇಲೆ ಆ ಗೆರೆ ಮಾತ್ರ ಇನ್ನೂ ಇದೆ.

ನೀರು ಬಿದ್ದಲ್ಲೆಲ್ಲ ಬಾಯಿ ತೆರೆಯುವ
ಕರಿ ಎರೆನೆಲದಲ್ಲಿ ಬೆಳೆದವಳು ನಾನು,
ಮರಕ್ಕೆ ಕುಡಿಯಬೇಡ ಎಂದು ಕಲಿಸಿದೆ.
ಕಲಿಯಿತು.

ಬೆಂಚಿನ ಕೆಳಗಿನ ಒಂದು ಹಲಗೆಗೆ ಹಚ್ಚಿಲ್ಲ.
ಎಣ್ಣೆ ಸಾಲಲಿಲ್ಲ ಎಂದಿದ್ದೇನೆ ನೆವಿಲ್‌ಗೆ.
ಡಬ್ಬಿ ಅಲುಗಿಸಿದರೆ
ತಳದಲ್ಲಿ ಇನ್ನೂ ಸದ್ದಾಗುತ್ತದೆ.